ಸಂದಿ ಕಡೆಯ ಕೋಣೆ

ಹಲಸೂರಿನ ಹಳೆಯ ಓಣಿಯೊಂದರಲ್ಲಿ ನಾವು ಮನೆ ಕೊಂಡಾಗ ಹಿಂದಿನ ಕೋಣೆಯನ್ನು ಏನು ಮಾಡುವುದೆಂದು ತಿಳಿಯದೆ ಸಾಮಾನು ತುಂಬಿಟ್ಟಿದ್ದೆವು. ಆಮೇಲೆ ನನ್ನ ತಂಗಿಗೆ ಬೈಯಪ್ಪನಹಳ್ಳಿಯ ಹತ್ತಿರದ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಕೆಲಸ ಸಿಕ್ಕಿತು. ನಿಮ್ಮಲ್ಲೇ ಇರುತ್ತೇನೆ ಎಂದಳು. ಆ ಕೋಣೆಯನ್ನೇ ಅವಳಿಗೆ ಸರಿಮಾಡಿಕೊಡೋಣ ಎಂದುಕೊಂಡೆವು. ನನ್ನ ಗಂಡ ಮೊಬೈಲಿನಲ್ಲಿ ವಿಡಿಯೊಗಳನ್ನು ನೋಡಿ, "ಪೇಂಟರ್ ಯಾಕೆ, ನಾವೇ ಮಾಡ್ಬಿಡೋಣ" ಎಂದರು. ಶಿವಾಜಿನಗರದಿಂದ ಪುಟ್ಟಿ, ಬ್ರಷ್ಷು, ಉಜ್ಜುವ ಉಪ್ಪು ಕಾಗದ ಎಲ್ಲ ತಂದೆವು.

ಮೊದಲು ಬಾಗಿಲು ಉಜ್ಜಿದೆವು. ಹೊರಗಡೆ ಎರಡು ಚಿಲಕಗಳಿದ್ದವು, ಮೇಲೊಂದು, ಕೆಳಗೊಂದು. ಒಳಗಡೆ ಒಂದೂ ಇರಲಿಲ್ಲ. ಬಣ್ಣ ಕಿತ್ತ ಮೇಲೆ ಒಳಗಿನ ಚಿಲಕ ಇದ್ದ ಜಾಗ ಕಾಣಿಸಿತು. ಅದನ್ನು ಬಿಚ್ಚಿ, ಸ್ಕ್ರೂ ತೂತುಗಳನ್ನು ಮುಚ್ಚಿ, ಮೇಲೆ ಬಣ್ಣ ಬಳಿದಿದ್ದರು.

"ಸಾಮಾನಿನ ರೂಮು ಮಾಡ್ಕೊಂಡಿರ್ತಾರೆ ಬಿಡು" ಎಂದರು ನನ್ನ ಗಂಡ. ಇರಬಹುದು ಎಂದುಕೊಂಡೆ. ಆದರೂ ಸಾಮಾನಿಡುವವರು ಒಳಗಿನ ಚಿಲಕವನ್ನು ಕಷ್ಟಪಟ್ಟು ಬಿಚ್ಚುವುದೇಕೆ ಎಂಬ ಪ್ರಶ್ನೆ ತಲೆಯಿಂದ ಹೋಗಲಿಲ್ಲ.

ಮರುದಿನ ಅವರು ಕೆಲಸಕ್ಕೆ ಹೋದ ಮೇಲೆ ಗೋಡೆಗೆ ಕೈಹಾಕಿದೆ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಬ್ಬರು ನಡೆಯುವಷ್ಟು ಸಂದಿಯಿದೆ. ಆ ಕಡೆಯ ಗೋಡೆಯಲ್ಲಿ, ಸೂರಿನ ಹತ್ತಿರ, ಕಬ್ಬಿಣದ ಜಾಲರಿಯ ವೆಂಟಿಲೇಟರ್. ಅದರ ಕೆಳಗೆ ಗಾರೆ ಉಬ್ಬಿತ್ತು. ಸುತ್ತಿಗೆಯ ಹಿಡಿಯಿಂದ ತಟ್ಟಿ ತಟ್ಟಿ ಉದುರಿಸುತ್ತಿದ್ದೆ.

ಆಗ ಮುಂಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ಅಜ್ಜಿ ನಿಂತಿದ್ದರು. ತಮಿಳಿನವರಾದ್ದರಿಂದ ಓಣಿಯವರೆಲ್ಲ ಅವರನ್ನು ಪಾಟಿ ಎನ್ನುತ್ತಿದ್ದರು. ಬಟ್ಟೆ ಒಗೆಯುತ್ತಿದ್ದವರು ಹಾಗೇ ಎದ್ದು ಬಂದಿದ್ದರು, ಕೈಯಲ್ಲಿ ಸೋಪಿನ ನೊರೆ.

"ಆ ರೂಮಲ್ಲಿ ಯಾರಮ್ಮಾ ಇದಾರೆ?"

"ನಾನೇ ಪಾಟಿ. ಗೋಡೆ ಕೆರೀತಿದ್ದೆ."

ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು. ನೀರು ಕೊಟ್ಟೆ. ಕುಡಿದು ಅವರೇ ಹೇಳತೊಡಗಿದರು. ನಮಗೆ ಈ ಮನೆ ಮಾರಿದವರ ತಂಗಿಯೊಬ್ಬಳು ಹಿಂದೆ ಆ ಕೋಣೆಯಲ್ಲಿ ಇರುತ್ತಿದ್ದಳಂತೆ.

"ತಲೆ ಸರಿ ಇಲ್ಲ, ಹೊರಗೆ ಬಿಡಲ್ಲ ಅಂತಿದ್ರು. ನನ್ನ ಹತ್ರ ಸರಿಯಾಗೇ ಮಾತಾಡೋಳಮ್ಮಾ. ನಾನು ಸಂದೀಲಿ ಬಟ್ಟೆ ಒಗೆಯೋಕೆ ಬಂದ್ರೆ ಗೋಡೆ ತಟ್ಟೋಳು. ಹಾಗೇ, ನೀನು ತಟ್ಟಿದ ಹಾಗೇ."

"ನೀವು ನೋಡಿದೀರಾ ಅವರನ್ನ?"

"ಬೆರಳು ನೋಡಿದೀನಿ. ಏನರ ಮೇಲೋ ಹತ್ತಿ ಜಾಲರಿ ಹಿಡ್ಕೊಂಡಿರೋಳು. ಬೀದೀಲಿ ನಡೆಯೋದೆಲ್ಲ ಹೇಳೋಳು. ಇವತ್ತು ಹೂವಿನವಳು ಬರೀ ಕನಕಾಂಬರ ತಂದಿದಾಳೆ ಪಾಟಿ, ಮಲ್ಲಿಗೆ ಇಲ್ಲ ಅನ್ನೋಳು. ಎದುರು ಮನೆ ಹುಡುಗಿ ಸೈಕಲ್ ಕಲಿಯೋಕೆ ಹೋಗಿ ಬಿದ್ಲು ಅನ್ನೋಳು. ನಾನು ಓಡಿ ಹೋಗಿ ನೋಡಿದ್ರೆ ಬೀದಿ ಖಾಲಿ ಇರೋದು. ಅಷ್ಟರಲ್ಲಿ ಹೋಗ್ಬಿಟ್ರೇನೋ ಅಂದ್ಕೋತಿದ್ದೆ."

ಒಮ್ಮೆ ಆ ಕೋಣೆ ನೋಡಬಹುದೇ ಎಂದು ಕೇಳಿದರು. ಅಷ್ಟು ವರ್ಷ ಪಕ್ಕದಲ್ಲಿದ್ದರೂ ಅವರನ್ನು ಒಳಗೆ ಕರೆದವರಿರಲಿಲ್ಲ. ಕರೆದುಕೊಂಡು ಹೋದೆ. ಉದುರಿದ ಗಾರೆಯ ಮೇಲೆ ಬರಿಗಾಲಲ್ಲಿ ನಡೆದು, ಗೋಡೆಯ ಉದ್ದಕ್ಕೂ ಕೈಯಾಡಿಸುತ್ತ ಒಂದು ಸುತ್ತು ಬಂದರು. ಮತ್ತೊಂದು ಸುತ್ತು ಬಂದರು.

"ಕಿಟಕಿ ಎಲ್ಲಮ್ಮಾ?"

"ಈ ರೂಮಿಗೆ ಕಿಟಕಿ ಇಲ್ಲ ಪಾಟಿ. ಆ ವೆಂಟಿಲೇಟರ್ ಒಂದೇ."

"ಬೀದಿ ಕಡೇದು?"

"ಬೀದಿ ಕಡೆ ಇರೋದು ಮುಂದಿನ ಹಾಲ್."

ಅವರು ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತರು. ನಾನೂ ನೆಲದ ಮೇಲೆ ಕುಳಿತೆ. ಹೊರಗೆ ಸಂದಿಯಲ್ಲಿ ಅವರು ನಿಲ್ಲಿಸದೆ ಬಿಟ್ಟುಬಂದಿದ್ದ ನಲ್ಲಿ ಸುರಿಯುತ್ತಿತ್ತು.

ಪಾಟಿ ಹೊರಡುವ ಮೊದಲು, ಅವಳಿಗೆ ಏನಾಯಿತು ಎಂದು ಕೇಳಿದೆ.

"ಒಂದಿನ ತಟ್ಟಲಿಲ್ಲ. ಮಾರನೇ ದಿನಾನೂ ತಟ್ಟಲಿಲ್ಲ. ಊರಿಗೆ ಕಳಿಸಿದ್ವಿ ಅಂದ್ರು. ಯಾವ ಊರು ಅಂತ ನಾನು ಕೇಳಲಿಲ್ಲ ಕಣಮ್ಮಾ."

ಆ ವಾರ ಕೋಣೆಗೆ ಹೋಗಲು ನನಗೆ ಮನಸ್ಸಾಗಲಿಲ್ಲ. ಹಗಲು ಹೊತ್ತಿನಲ್ಲೇ, ಅಡುಗೆ ಮನೆಯಲ್ಲಿ ಒಗ್ಗರಣೆ ಹಾಕುತ್ತಿರುವಾಗಲೂ, ಬೆನ್ನ ಹಿಂದೆ ಯಾರೋ ಉಸಿರು ಹಿಡಿದು ನಿಂತಿರುವಂತೆ ಆಗುತ್ತಿತ್ತು. ಭಯ ಎನ್ನಲಾರೆ. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು. ಮನೆ ಮಾರಿದವರಿಗೆ ಫೋನ್ ಮಾಡಿ ಆ ತಂಗಿಯ ವಿಷಯ ಕೇಳಿದೆ. "ನಮಗೆ ಅಂಥವರು ಯಾರೂ ಇರಲಿಲ್ಲ" ಎಂದು ಫೋನ್ ಇಟ್ಟುಬಿಟ್ಟರು. ಆಮೇಲೆ ನನ್ನ ಕರೆ ಎತ್ತಲಿಲ್ಲ.

"ಆ ರೂಮಿಗೊಂದು ಕಿಟಕಿ ಬೇಕು" ಎಂದೆ ಗಂಡನಿಗೆ. ಅವರು ಯಾಕೆಂದು ಕೇಳಲಿಲ್ಲ. ಗೋಡೆ ಒಡೆಯುವುದು ನಮ್ಮ ಕೈಯಲ್ಲಾಗುವ ಕೆಲಸವಲ್ಲವೆಂದು ಮೇಸ್ತ್ರಿಯನ್ನು ಕರೆಸಿದರು. ಮಿಕ್ಕದ್ದನ್ನು ನಾವೇ ಮುಗಿಸಿದೆವು. ಹೊರಗಿನ ಎರಡೂ ಚಿಲಕಗಳನ್ನು ಬಿಚ್ಚಿ, ಒಳಗೊಂದು ಹೊಸದನ್ನು ಹಾಕಿದೆ.

ತಂಗಿ ಬಂದಳು. ಅವಳಿಗೆ ನಾನು ಏನೂ ಹೇಳಿಲ್ಲ. ಕಿಟಕಿ ತೆರೆದು ನೋಡಿ, "ಬರೀ ಪಕ್ಕದ ಮನೆ ಗೋಡೆ ಕಾಣುತ್ತಲ್ಲಕ್ಕಾ" ಎಂದು ನಕ್ಕಳು. ಸೊಳ್ಳೆ ಬರುತ್ತದೆಂದು ಅದನ್ನು ಮುಚ್ಚಿಯೇ ಇಡುತ್ತಾಳೆ. ಚೆನ್ನಾಗಿ ನಿದ್ದೆ ಮಾಡುತ್ತಾಳೆ.

ಅವಳು ಡ್ಯೂಟಿಗೆ ಹೋದ ಮೇಲೆ ನಾನು ಹೋಗಿ ತೆರೆಯುತ್ತೇನೆ. ಪಾಚಿ ಹಿಡಿದ ಗೋಡೆ, ನೀರಿನ ಪೈಪು, ಒಣಗಲು ಹಾಕಿದ ಪಾಟಿಯ ಸೀರೆ. ಬೀದಿಯಲ್ಲಿ ಈಗ ಯಾರು ಹೋಗುತ್ತಿರಬಹುದು ಎಂದು ಕಲ್ಪಿಸಿಕೊಳ್ಳಲು ನೋಡುತ್ತೇನೆ. ನನಗೆ ಯಾರೂ ಕಾಣುವುದಿಲ್ಲ.