ದೋಟಿಗೆ ಕಟ್ಟಿದ ಎರಡು ಪಟ್ಟಿ

ಮಂಗಳೂರಿನಲ್ಲಿ ಹತ್ತಿದ ವಿಮಾನ ಮೂರೂವರೆ ಗಂಟೆಯಲ್ಲಿ ದುಬೈ ತಲುಪಿತು. ಹೊರಗೆ ಹಮೀದ್ ಊರುಗೋಲಿಗೆ ಭಾರ ಬಿಟ್ಟು ನಿಂತಿದ್ದ. ಟಿಕೇಟು, ವಿಸಿಟ್ ವೀಸಾ ಎರಡೂ ಅವನೇ ಮಾಡಿಸಿದ್ದು. ನಾನು ಹತ್ತನೇ ತರಗತಿ ಓದಿದ ಕಮ್ಮಾರ, ಈಗ ಎಪ್ಪತ್ತಮೂರು. ನಲವತ್ತು ವರ್ಷದ ಹಿಂದೆ ಅವನ ಕಾಲು ಊನವಾದಾಗ ಆ ಕೋಲನ್ನು ಮಾಡಿ, ತುದಿಗೆ ಕಬ್ಬಿಣದ ಬಳೆ ತೊಡಿಸಿ, ಪುಕ್ಕಟೆ ಕೊಟ್ಟಿದ್ದೆ. ಅದನ್ನು ಅವನು ಮರೆತಿರಲಿಲ್ಲ. ಕಾಲು ಊನವಾದದ್ದರಲ್ಲಿ ನನ್ನ ಪಾಲು ಎಷ್ಟೆಂದು ಅವನಿಗೆ ಗೊತ್ತಿರಲಿಲ್ಲ. ಅದನ್ನು ಹೇಳಲೆಂದೇ ನಾನು ಹೋದದ್ದು.

ದುಬೈಯ ದೇರಾ ಪೇಟೆಯಲ್ಲಿ ಅವನಿಗೆ ಮಸಾಲೆ ಅಂಗಡಿ. ಫ್ಲ್ಯಾಟಿನಲ್ಲಿ ಜೊತೆಗೆ ಭಟ್ಕಳದ ಒಬ್ಬರು. ಅವರ ಮುಂದೆ ಹಮೀದ್ ನನ್ನನ್ನು ಹೊಗಳಿದ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಇತ್ತು. ಹೇಳಬೇಕಾದ್ದನ್ನು ನಾಳೆಗೆ ಇಟ್ಟೆ.

ಮರುದಿನ ಒಂದು ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ಆಚೆ ದಡದ ಬರ್ ದುಬೈಗೆ ದಾಟಿ, ಅಲ್ಲಿಂದ ಇಪ್ಪತ್ತೈದು ದಿರ್ಹಮಿನ ಬಸ್ಸಿನಲ್ಲಿ ಎರಡು ಗಂಟೆ ಅಬುಧಾಬಿಗೆ. ಬಿಸಿಲಿಗೆ ಬಸ್ಸಿನ ಗಾಜು ಮುಟ್ಟುವ ಹಾಗಿರಲಿಲ್ಲ. ಹಮೀದ್ ಕರೆದೊಯ್ದ ಮ್ಯೂಸಿಯಮ್ಮಿನಲ್ಲಿ ಯುರೋಪಿನ ಹಳೆಯ ಆಯುಧಗಳನ್ನು ತಂದಿಟ್ಟಿದ್ದರು. ಹಮೀದ್ ನಕ್ಕ. "ಇಲ್ಲಿ ಕಬ್ಬಿಣ ನೋಡ್ಲಿಕ್ಕೆ ಟಿಕೇಟು, ಆಚಾರ್ರೆ. ನಿಮ್ಮ ಕುಲುಮೆಯಲ್ಲಿ ಫ್ರೀ ಇತ್ತು."

ಗಾಜಿನೊಳಗೆ ಆಳಿಗಿಂತ ಉದ್ದದ ಕೋಲುಗಳು. ತುದಿಯಲ್ಲಿ ಈಟಿ, ಒಂದು ಬದಿಗೆ ಕೊಡಲಿ, ಇನ್ನೊಂದು ಬದಿಗೆ ಕೊಕ್ಕೆ. ಇವುಗಳಲ್ಲಿ ಕೆಲವು ರೈತರ ಕತ್ತಿಯಿಂದಲೇ ಹುಟ್ಟಿದವು ಎಂದು ಬರೆದಿತ್ತು. ಈಟಿ ತಿವಿಯುತ್ತದೆ, ಕೊಡಲಿ ಕಡಿಯುತ್ತದೆ. ಇದು ಎರಡನ್ನೂ ಮಾಡಿ, ಕುದುರೆ ಮೇಲಿದ್ದವನನ್ನು ಕೆಳಗೂ ಎಳೆಯುತ್ತದೆ. ತಲವಾರಿನವನು ಹತ್ತಿರ ಬರಬೇಕು. ಎದುರಿನವನು ಓಡಿದರೆ ಬದುಕಿಯಾನು. ಇದು ಓಡುವವನನ್ನೂ ಬಿಡುವುದಿಲ್ಲ.

"ನಮ್ಮ ತೆಂಗಿನಕಾಯಿ ಕೊಯ್ಯುವ ದೋಟಿಯೇ ಅಲ್ವಾ ಇದು?" ಎಂದ ಹಮೀದ್. "ಕೋಲಿಗೆ ಈ ಕಬ್ಬಿಣದ ಪಟ್ಟಿ ಎಂತಕ್ಕೆ?"

"ತಲವಾರಿನ ಪೆಟ್ಟಿಗೆ ತುಂಡಾಗದ ಹಾಗೆ."

ಆ ಪಟ್ಟಿ ನನ್ನದೇ ಬುದ್ಧಿ ಎಂದು ನಲವತ್ತು ವರ್ಷ ತಿಳಿದಿದ್ದೆ. ನಮ್ಮ ಹೊಳೆಯ ನಡುವಿನ ಕುದ್ರುವಿನ ತೆಂಗಿಗಾಗಿ ಇಬ್ಬರು ಧಣಿಗಳಿಗೆ ಜಗಳವಾಗಿತ್ತು. ಹಮೀದ್ ಇದ್ದ ಕಡೆಯ ಧಣಿಯ ಆಳುಗಳಿಗೆ ತಲವಾರು ಬಂದಿದೆ ಎಂದು ಇನ್ನೊಬ್ಬ ನನ್ನ ಕುಲುಮೆಗೆ ಬಂದ. ತಲವಾರಿಗೆ ತಲವಾರು ದಂಡ, ದೋಟಿ ಹಿಡಿಸಿ ಎಂದವನು ನಾನು. ಎಂಟು ದೋಟಿಯ ಕತ್ತಿ ಮಸೆದು, ಬಿದಿರಿಗೆ ಎರಡೆರಡು ಪಟ್ಟಿ ಇಟ್ಟು ತಂತಿ ಬಿಗಿದೆ. ಪೊಲೀಸರು ಬೀಸಿದವರನ್ನು ಹಿಡಿದರು. ಮಾಡಿದವನನ್ನು ಯಾರೂ ಕೇಳಲಿಲ್ಲ.

ಹಮೀದ್ ಗಾಜಿಗೆ ಇನ್ನಷ್ಟು ಹತ್ತಿರ ಹೋದ. "ಆ ದಿನ ಕುದ್ರುವಿನಲ್ಲಿ ದೋಟಿಯ ಕೊಕ್ಕೆ ಮೊದಲು ನನ್ನ ಲುಂಗಿಗೆ ಸಿಕ್ಕಿದ್ದು. ಆ ಕೋಲಿಗೆ ತಲವಾರಿನಲ್ಲಿ ಮೂರು ಪೆಟ್ಟು ಹಾಕಿದೆ. ತುಂಡಾಗಿದ್ರೆ ಓಡ್ತಿದ್ದೆ. ಆಗಲಿಲ್ಲ. ಮತ್ತೆ ಎಳೆದಾಗ ಹಿಮ್ಮಡಿಯ ನರ ಹೋಯ್ತು."

"ಪಟ್ಟಿ ಕಟ್ಟಿದ್ದು ನಾನು, ಹಮೀದ್. ಎಂಟಕ್ಕೂ."

ಅವನು ನನ್ನ ಮುಖ ನೋಡಲಿಲ್ಲ. ಊರುಗೋಲಿನ ತುದಿ ನೋಡಿದ. "ಈ ಬಳೆ?"

ಸುಳ್ಳು ಹೇಳಬಹುದಿತ್ತು. "ಅದೇ ಪಟ್ಟಿಯ ಉಳಿದ ತುಂಡು" ಎಂದೆ.

ಬಸ್ ನಿಲ್ದಾಣದಲ್ಲಿ ಕ್ಷಮೆ ಕೇಳಲು ಬಾಯಿ ತೆರೆದೆ. "ಖಲಾಸ್, ಆಚಾರ್ರೆ. ಬಸ್ ಬಂತು" ಎಂದ. ಮುಂದಿನ ಸೀಟಿನಲ್ಲಿ ಒಬ್ಬನೇ ಕೂತ. ದುಬೈವರೆಗೆ ಅವನ ಕುತ್ತಿಗೆಯ ಹಿಂಭಾಗ ನೋಡುತ್ತಾ ಬಂದೆ.

ಹತ್ತು ದಿನ ಇರಬೇಕಾಗಿದ್ದವನು ಮೂರನೆಯ ದಿನ ಬೆಳಿಗ್ಗೆಯೇ ಹೊರಟೆ. ಭಟ್ಕಳದವರು ಏನೂ ಕೇಳದೆ ಟಿಕೇಟಿನ ದಿನ ಬದಲಿಸಿ ಕೊಟ್ಟರು. ಹಮೀದ್ ಕೋಣೆಯಿಂದ ಹೊರಗೆ ಬರಲಿಲ್ಲ. ಬಾಗಿಲ ಬಳಿ ನನ್ನ ಚೀಲಕ್ಕೆ ಒರಗಿಸಿ ಊರುಗೋಲು ಇಟ್ಟಿತ್ತು. ಒಳಗೆ ಅವನು ಗೋಡೆ ಹಿಡಿದು, ಕಾಲೆಳೆದು ನಡೆಯುವ ಸದ್ದು ಕೇಳಿಸಿತು. ಕರೆದೆ. ಸದ್ದು ನಿಂತಿತು.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಬ್ಬಂದಿಯೊಬ್ಬ ಕೋಲನ್ನು ಎತ್ತಿ, ಬಳೆಯನ್ನು ತಿರುಗಿಸಿ ನೋಡಿದ. ನಾನು ನೆಟ್ಟಗೆ ನಡೆದು ಬಂದದ್ದನ್ನು ಅವನು ನೋಡಿದ್ದ. ಇದು ಯಾರದ್ದೆಂದು ಹಿಂದಿಯಲ್ಲಿ ಕೇಳಿದ.

"ನನ್ನದೇ" ಎಂದೆ. "ಮಾಡಿದವನು ನಾನೇ."