ಮುಳ್ಳುಪಟ್ಟಿ ಬಿಚ್ಚುವ ವನಜಮ್ಮ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಸುಂಟಿಕೊಪ್ಪದ ಅಂಗಡಿಗಳು ಬಾಗಿಲು ಹಾಕಿಕೊಂಡು ಮಲಗಿವೆ. ಮಡಿಕೇರಿ ಕಡೆಯಿಂದ ಇಳಿದು ಬರುವ ಬಸ್ಸು ಮಂಜಿನಲ್ಲಿ ಮೊದಲು ಬರೀ ಬೆಳಕಾಗಿ ಕಾಣುತ್ತದೆ, ಆಮೇಲೆ ಬಸ್ಸಾಗುತ್ತದೆ. ನಿಂತು ಒಂದಿಬ್ಬರನ್ನು ಇಳಿಸಿ, ಮತ್ತೆ ಬೆಳಕಾಗಿ ಕುಶಾಲನಗರದ ಕಡೆ ಕರಗುತ್ತದೆ. ಹೋದ ವಾರ ಬಿದ್ದ ಹೂಮಳೆಗೆ ತೋಟಗಳೆಲ್ಲ ಅರಳಿವೆ. ಕಾಫಿ ಹೂವಿನ ವಾಸನೆ ರಸ್ತೆಯವರೆಗೂ ಬಂದು ನಿಂತಿದೆ.

ಕತ್ತಿ, ಹಗ್ಗ, ಟಾರ್ಚು, ಟಾರ್ಪಾಲು ಮಾರುವ ರೇವಣ್ಣನವರ ಅಂಗಡಿಯ ಜಗುಲಿಯಲ್ಲಿ ಮಾತ್ರ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಹೊಲಿಗೆ ಯಂತ್ರದ ಮುಂದೆ ವನಜಮ್ಮ ಕೂತಿದ್ದಾರೆ. ಪಕ್ಕದ ಮೇಜಿನ ಮೇಲೆ ಒಂದು ಬಿಳಿ ಪೊಮೆರೇನಿಯನ್ ನಾಯಿ ನಿಂತು ಕೆಮ್ಮುತ್ತಿದೆ. ನಾಯಿ ಕೆಮ್ಮಿದಂತಿಲ್ಲ, ದೂರದ ಕೆರೆಯಲ್ಲಿ ಬಾತುಕೋಳಿ ಕೂಗಿದಂತಿದೆ.

"ಎಲುಬು ಸಿಕ್ಕೊಂಡಿದೆ ಅಕ್ಕ," ಎನ್ನುತ್ತಾಳೆ ನಾಯಿಯನ್ನು ಶಾಲಿನಲ್ಲಿ ಸುತ್ತಿಕೊಂಡು ಬಂದ ಯಮುನ. ಹತ್ತಿರದ ಎಸ್ಟೇಟಿನಲ್ಲಿ ಕೂಲಿಯವರಿಗೆ ಸಾಲಾಗಿ ಕಟ್ಟಿಕೊಟ್ಟ ಲೈನ್ ಮನೆಯವಳು. "ಬಾಳೆಹಣ್ಣು ತಿನ್ಸಿದೆ, ಅನ್ನದ ಉಂಡೆ ನುಂಗ್ಸಿದೆ. ಇಳೀತಾ ಇಲ್ಲ."

"ಎಲುಬು ಹಾಕಿದ್ಯಾ?"

"ಇಲ್ಲ. ಇವನಿಗೆ ಎಲುಬು ಎಲ್ಲಿ, ಇವನು ಬರೀ ಬಿಸ್ಕತ್ತು."

"ಹಾಕದೇ ಇರೋ ಎಲುಬು ಹೆಂಗೆ ಸಿಕ್ಕೊಳ್ತದೆ ಕಣಮ್ಮ. ಹೆಸರೇನು ಇವಂದು?"

"ಹುಲಿ."

"ಹೆಸರು ಹುಲಿ, ಹೆದರಿಕೆ ಚಿರತೇದು," ಎಂದು ವನಜಮ್ಮ ನಾಯಿಯ ಕುತ್ತಿಗೆಗೆ ಕೈ ಹಾಕುತ್ತಾರೆ. ದಪ್ಪ ರೋಮದೊಳಗೆ ಅವರ ಬೆರಳು ಹುಡುಕುತ್ತಿರುವುದು ಒಂದು ಬಕಲ್ಲನ್ನು. ಅದು ಬಿಚ್ಚಿ ಬಂದಾಗ ಮೇಜಿನ ಮೇಲೆ ಠಣ್ಣೆಂದು ಬೀಳುವುದು ಮುಳ್ಳುಪಟ್ಟಿ. ಹಿಂದೊಮ್ಮೆ ಅದನ್ನು ಹೊಲಿದದ್ದೂ ವನಜಮ್ಮನವರೇ.

ಚಿರತೆ ಮೊದಲು ಕುತ್ತಿಗೆಗೆ ಬಾಯಿ ಹಾಕುತ್ತದೆ ಎಂಬ ನಂಬಿಕೆಯಲ್ಲಿ ಈ ಕಡೆಯ ತೋಟದ ನಾಯಿಗಳಿಗೆ ದಪ್ಪ ತೊಗಲಿಗೆ ಮೊಳೆ ಬಡಿದ ಪಟ್ಟಿ ಕಟ್ಟುವುದು ಹಳೆಯ ರೂಢಿ. ಕಾವಲಿನ ದೊಡ್ಡ ನಾಯಿ ಅದನ್ನು ಹೊತ್ತುಕೊಂಡು ಓಡಾಡುತ್ತದೆ. ಆದರೆ ಈಗ ಲೈನ್ ಮನೆಗಳಲ್ಲೂ ಪೊಮೆರೇನಿಯನ್, ಡ್ಯಾಶ್‌ಹಂಡ್, ಪಗ್ ಬಂದಿವೆ. ಎಲ್ಲಾದರೂ ಚಿರತೆ ಕಂಡಿತು ಅಂದರೆ ಸಾಕು, ಮಡಿಲಲ್ಲಿ ಹಿಡಿಸುವ ನಾಯಿಗೂ ಜನ ಅದೇ ಪಟ್ಟಿ ಬಿಗಿಯುತ್ತಾರೆ.

ಪಶು ವೈದ್ಯೆ ಚಂದನಾ ಅವರನ್ನು ಕೇಳಿದರೆ ಈ ಕೆಮ್ಮಿನ ವಿವರ ಸಿಗುತ್ತದೆ. "ಇಂಥ ಪುಟ್ಟ ತಳಿಗಳಲ್ಲಿ ಶ್ವಾಸನಾಳ ವಯಸ್ಸಾಗ್ತಾ ಮೆತ್ತಗಾಗಿ ಚಪ್ಪಟೆಯಾಗೋದು ಸಾಮಾನ್ಯ. ಪಟ್ಟಿಯಿಂದಲೇ ಈ ಕಾಯಿಲೆ ಬರೋಲ್ಲ. ಆದ್ರೆ ಕುತ್ತಿಗೆ ಮೇಲೆ ಭಾರ ಬಿದ್ರೆ, ಮೈ ಬಂದ್ರೆ, ಹೊಗೆ ಕುಡಿದ್ರೆ ಕೆಮ್ಮು ಜಾಸ್ತಿ ಆಗ್ತದೆ. ಎದೆಗೆ ಕಟ್ಟೋ ಪಟ್ಟಿ ಹಾಕಿ ಅಂತ ನಾನು ಹೇಳ್ತಿದ್ದೆ. ಇಲ್ಲಿ ಸಿಗ್ತಾ ಇರ್ಲಿಲ್ಲ. ವನಜಮ್ಮ ಬಂದು, ಹೆಂಗಿರ್ಬೇಕು ತೋರ್ಸಿ, ಹೊಲೀತೀನಿ ಅಂದ್ರು."

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇಬ್ಬರೂ ಹಳೆಯ ಪತ್ರಿಕೆಯನ್ನು ಕತ್ತರಿಸಿ ಮಾದರಿ ಮಾಡಿದರು. ಹೊರಗೆ ಶಾಲೆಯ ಚೀಲದ ಪಟ್ಟಿ, ಒಳಗೆ ಹಳೆಯ ಫ್ಲಾನೆಲ್ಲು. ಕುತ್ತಿಗೆ ಬಿಟ್ಟು, ಎದೆಯನ್ನು ಬಳಸಿ, ಬೆನ್ನ ಮೇಲೆ ಗಂಟು. ಅದಕ್ಕೆ ವನಜಮ್ಮ ಇಟ್ಟ ಹೆಸರು ಎದೆಪಟ್ಟಿ.

ವನಜಮ್ಮನವರ ಹಿರಿಯರು ಹಾಸನದ ಕಡೆಯಿಂದ ಬಂದು ಹಾರಂಗಿ ಹತ್ತಿರ ಬೇಸಾಯಕ್ಕೆ ನೆಲೆಸಿದವರು. ಮದುವೆಯಾಗಿ ಸುಂಟಿಕೊಪ್ಪಕ್ಕೆ ಬಂದಾಗ ತವರಿನಿಂದ ತಂದದ್ದು ಈ ಯಂತ್ರ. ಗಂಡ ಕೆಂಪಣ್ಣ ಗೂಡ್ಸ್ ಆಟೋ ಓಡಿಸುತ್ತಿದ್ದರು. ಮೂಟೆ ಎತ್ತುವಾಗ ನಡು ಹಿಡಿದ ಮೇಲೆ ಮನೆಯಲ್ಲೇ ಇದ್ದಾರೆ. ಪಟ್ಟಿಗಳಿಗೆ ಬಕಲ್ಲು ಕೂರಿಸಿಕೊಡುವುದು ಅವರ ಪಾಲು. ಒಂದು ಕಾಲದಲ್ಲಿ ಕೈತುಂಬ ಇದ್ದ ರವಿಕೆ ಹೊಲಿಗೆ ಸಿದ್ಧ ಉಡುಪು ಬಂದ ಮೇಲೆ ಬತ್ತಿತು. ಟಾರ್ಪಾಲಿಗೆ ತೇಪೆ, ಚೀಲಕ್ಕೆ ಜಿಪ್ಪು, ಆಮೇಲೆ ರೇವಣ್ಣನವರ ಅಂಗಡಿಗೆ ಮುಳ್ಳುಪಟ್ಟಿ. ಹೀಗೆ ಜಗುಲಿ ಅವರ ಪಾಲಿಗೆ ಬಂತು.

ಈಗ ಆ ಜಗುಲಿಯೇ ಅನುಮಾನದಲ್ಲಿದೆ. ಬೇಸಿಗೆಗೆ ಅಲ್ಲಿ ಐಸ್‌ಕ್ರೀಂ ಪೆಟ್ಟಿಗೆ ಇಡಬೇಕೆಂದು ರೇವಣ್ಣನವರ ಮಗ ಹೇಳುತ್ತಿದ್ದಾನೆ. ಯುಗಾದಿವರೆಗೆ ನೋಡೋಣ ಎಂದಿದ್ದಾರೆ ರೇವಣ್ಣ. ವನಜಮ್ಮನವರ ಮನೆ ಮೇಲಿನ ದಿಣ್ಣೆಯಲ್ಲಿದೆ. ಕೆಮ್ಮುವ ನಾಯಿಯನ್ನು ಎತ್ತಿಕೊಂಡು ಅಲ್ಲಿಗೆ ಯಾರೂ ಹತ್ತುವುದಿಲ್ಲ. ಬಸ್ಸಿಳಿದವರ ಕಣ್ಣಿಗೆ ಬಿದ್ದರಷ್ಟೇ ಈ ಕೆಲಸ.

ವನಜಮ್ಮನವರ ಮೇಲೆ ರೇವಣ್ಣನವರಿಗೆ ಸಿಟ್ಟೂ ಇದೆ, ಅದಕ್ಕೆ ಕಾರಣವೂ ಇದೆ. ಸಂತೆಯ ದಿನ ಮುಳ್ಳುಪಟ್ಟಿ ಕೇಳಿಕೊಂಡು ಬಂದವರನ್ನು ವನಜಮ್ಮ ಜಗುಲಿಯಲ್ಲೇ ತಡೆಯುತ್ತಾರೆ. ನಾಯಿ ಎಷ್ಟುದ್ದ, ಎಷ್ಟೆತ್ತರ ಎಂದು ಕೇಳುತ್ತಾರೆ. ಪುಟ್ಟದು ಎಂದರೆ ಪಟ್ಟಿ ಕೊಡುವುದಿಲ್ಲ, ನಾಯಿಯನ್ನು ಕರೆತನ್ನಿ ಎನ್ನುತ್ತಾರೆ. ನಾಯಿ ನೋಡದೆ ಅಳತೆ ತೆಗೆಯುವುದಿಲ್ಲ. ಅಳತೆ ತೆಗೆಯುವಾಗ ತುಟಿ ಎತ್ತಿ ಹಲ್ಲು ನೋಡುತ್ತಾರೆ, ಹಿಂಗಾಲು ಕುಂಟುತ್ತದೆಯೇ ಎಂದು ಜಗುಲಿಯ ಮೇಲೆ ನಡೆಸುತ್ತಾರೆ. ಬಾಯಿ ನಾರಿದರೆ, ಮಂಡಿಚಿಪ್ಪು ಜಾರುವಂತೆ ಕಂಡರೆ ಡಾಕ್ಟರ ಹತ್ತಿರ ಕಳಿಸುತ್ತಾರೆ.

"ವ್ಯಾಪಾರ ಮಾಡಕ್ಕೆ ಕೂತಿದ್ದೀಯೋ, ಗಿರಾಕಿ ಓಡ್ಸಕ್ಕೋ?" ಎಂದು ಒಳಗಿನಿಂದ ರೇವಣ್ಣ.

"ಓಡ್ಸಿಲ್ಲ ರೇವಣ್ಣೋರೆ. ವಾಪಸ್ ಬರ್ತಾರೆ."

"ಬರೋರು ಬರ್ಲಿ. ಯುಗಾದಿ ಅವ್ರಿಗೆ ಕಾಯಲ್ಲ."

ಹೋದ ಸಂತೆಯ ದಿನ ಯಮುನ ಇರುವ ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್ ಅಶ್ವಥ್ ಬಂದಿದ್ದರು. ಲೈನ್‌ಗಳ ಹಿಂದೆ ಚಿರತೆ ಓಡಾಡುತ್ತಿದೆ, ನಾಯಿಗಳಿಗೆಲ್ಲ ಮುಳ್ಳುಪಟ್ಟಿ ಬೇಕು, ದೊಡ್ಡದು ಚಿಕ್ಕದು ಎಲ್ಲಕ್ಕೂ. ರೇವಣ್ಣನವರ ಮುಖ ಅರಳಿತು. ಇಷ್ಟು ದೊಡ್ಡ ಆರ್ಡರ್ ಆ ಅಂಗಡಿಗೆ ಬಂದು ಬಹಳ ಕಾಲವಾಗಿತ್ತು. ಹೂಂ ಎಂದಿದ್ದರೆ ವನಜಮ್ಮನವರ ಜಗುಲಿಯೂ ಉಳಿಯುತ್ತಿತ್ತು.

"ಕಾವಲು ನಾಯಿಗೆ ಎಷ್ಟು ಬೇಕಾದ್ರೂ ಹೊಲ್ದು ಕೊಡ್ತೀನಿ ರೈಟ್ರೆ," ಎಂದರು ವನಜಮ್ಮ. "ಪುಟ್ಟವಕ್ಕೆ ಬೇಡ. ಹೊತ್ತು ಮುಳುಗಿದ ಮೇಲೆ ಒಳಗೆ ಕರ್ಕೊಂಡು ಬಾಗ್ಲು ಹಾಕಿ. ಅವಕ್ಕೆ ಬಾಗ್ಲೇ ಪಟ್ಟಿ."

"ಬಾಗ್ಲು ಮಾರ್ತೀರಾ ನೀವು?" ಎಂದು ನಕ್ಕ ಅಶ್ವಥ್ ಏನನ್ನೂ ಕೊಳ್ಳದೆ ಹೊರಟುಹೋದರು. ರೇವಣ್ಣ ಎದ್ದು ಒಳಗೆ ಹೋದರು. ವನಜಮ್ಮ ತಲೆ ತಗ್ಗಿಸಿ ಯಂತ್ರ ತುಳಿಯುತ್ತಲೇ ಇದ್ದರು. "ಜಗುಲಿ ಉಳೀಬೇಕು ಅಂತ ನಂಗೂ ಇತ್ತು," ಎಂದು ಈಗ ಹೇಳುತ್ತಾರೆ. "ಆದ್ರೆ ಕೈ ಮುಂದೆ ಹೋಗ್ಬೇಕಲ್ಲ. ಆ ಕೆಮ್ಮು ಕೇಳಿದ ಮೇಲೆ ಪುಟ್ಟ ಕುತ್ತಿಗೆಗೆ ಮೊಳೆ ಬಡಿಯೋಕೆ ಕೈ ಹೋಗಲ್ಲ."

ಹುಲಿಗೆ ಎದೆಪಟ್ಟಿ ಹಾಕಿ, ಡಾಕ್ಟರ ಹತ್ತಿರ ಹೋಗಲೇಬೇಕೆಂದು ಯಮುನಳಿಂದ ಮಾತು ತೆಗೆದುಕೊಂಡು ಕಳಿಸುತ್ತಾರೆ. ಬಿಸಿಲು ಬರುವ ಹೊತ್ತಿಗೆ ಜಗುಲಿಯಲ್ಲಿ ಮತ್ತೊಬ್ಬರು, ಮಗದೊಬ್ಬರು. ಕಾಯುವವರು ಸುಮ್ಮನೆ ಕಾಯುವುದಿಲ್ಲ. ಒಬ್ಬರಿಗೆ ಹಗ್ಗ ನೆನಪಾಗುತ್ತದೆ, ಇನ್ನೊಬ್ಬರಿಗೆ ಟಾರ್ಚಿನ ಸೆಲ್ಲು. ರೇವಣ್ಣ ಎದ್ದು ಎದ್ದು ಕೊಡುತ್ತಾರೆ. ನಡುವೆ ಒಮ್ಮೆ ನಿಂತು ಜಗುಲಿಯನ್ನು ನೋಡುತ್ತಾರೆ, ಏನನ್ನೋ ಮನಸ್ಸಿನಲ್ಲೇ ಕೂಡುತ್ತಿರುವಂತೆ.

ಎರಡು ದಿನ ಬಿಟ್ಟು, ಇನ್ನೊಂದು ಮಂಜಿನ ಬೆಳಿಗ್ಗೆ ಎಸ್ಟೇಟಿನ ಜೀಪು ಬಂದು ಅಂಗಡಿಯ ಮುಂದೆ ನಿಲ್ಲುತ್ತದೆ. ಹಿಂದೆ ಲೈನ್ ಮನೆಯ ಹೆಂಗಸರು, ಒಬ್ಬೊಬ್ಬರ ಮಡಿಲಲ್ಲಿ ಒಂದೊಂದು ನಾಯಿ. ಒಂದೂ ಬೊಗಳುತ್ತಿಲ್ಲ. ನಿದ್ದೆಗಣ್ಣಿನಲ್ಲಿ ಮಂಜನ್ನೇ ನೋಡುತ್ತಿವೆ. ಮುಂದಿನ ಸೀಟಿನಿಂದ ಅಶ್ವಥ್ ಇಳಿಯುತ್ತಾರೆ.

"ಯಮುನನ ನಾಯಿ ರಾತ್ರಿ ನಿದ್ದೆ ಮಾಡ್ತಂತೆ," ಎನ್ನುತ್ತಾರೆ, ಸ್ವಲ್ಪ ಮುಜುಗರದಲ್ಲಿ. "ಡಾಕ್ಟ್ರು ಔಷಧೀನೂ ಕೊಟ್ಟಿದ್ದಾರೆ. ಇವಿಷ್ಟಕ್ಕೂ ಎದೆಪಟ್ಟಿ. ಕಾವಲು ನಾಯಿಗಳಿಗೆ ಬೇರೆ ಕೊಡಿ."

"ಬಾಗ್ಲು?" ಎನ್ನುತ್ತಾರೆ ವನಜಮ್ಮ.

"ಸಂಜೆ ನಾನೇ ಒಂದು ಸುತ್ತು ಹಾಕಿ ಹಾಕಿಸ್ತಾ ಇದ್ದೀನಿ, ಮಾರಾಯ್ತಿ."

ಹೆಂಗಸರು ಇಳಿದು ಜಗುಲಿಯ ಉದ್ದಕ್ಕೂ ಕೂರುತ್ತಾರೆ. ಜಾಗ ಸಾಲುವುದಿಲ್ಲ. ಒಳಗಿನಿಂದ ರೇವಣ್ಣ ಬಂದು ಜಗುಲಿಯ ತುದಿಯಲ್ಲಿದ್ದ ತಮ್ಮ ಹಗ್ಗದ ಸುರುಳಿಗಳನ್ನು ಒಂದೊಂದಾಗಿ ಎತ್ತಿ ಒಳಗಿಡುತ್ತಾರೆ. ಐಸ್‌ಕ್ರೀಂ ಪೆಟ್ಟಿಗೆಯ ಮಾತು ಕೇಳಿದರೆ, "ಒಳಗೇ ಎಲ್ಲಾದ್ರೂ ಹಿಡಿಸ್ತದೆ. ಈ ಮಳೆಗಾಲ ಕಳೀಲಿ, ಆಮೇಲೆ ನೋಡೋಣ," ಎನ್ನುತ್ತಾರೆ.

ಗಿಡ್ಡ ಕಾಲಿನ ಒಂದು ಮುದಿ ಡ್ಯಾಶ್‌ಹಂಡ್ ಮೇಜಿನ ಮೇಲೆ ಅಳತೆ ಕೊಡುತ್ತಲೇ ನಿದ್ದೆ ಹೋಗಿದೆ. ಅದರ ಎದೆಯ ಸುತ್ತ ಟೇಪು ಮೇಲೇಳುತ್ತದೆ, ಇಳಿಯುತ್ತದೆ. ವನಜಮ್ಮ ಕಾಯುತ್ತಾರೆ. ಉಸಿರು ತುಂಬಿದಾಗಲೇ ಅಳತೆ ಹಿಡಿಯಬೇಕು ಎನ್ನುವುದು ಅವರ ಲೆಕ್ಕ. ಹೊಲಿದು ಮುಗಿಸಿದ ಒಂದು ಎದೆಪಟ್ಟಿಯನ್ನು ರೇವಣ್ಣ ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾರೆ.

"ಇದರ ಮೇಲೆ ನಿನ್ನ ಹೆಸರು ಹೊಲಿ ವನಜಮ್ಮ. ವನಜ, ಸುಂಟಿಕೊಪ್ಪ ಅಂತ. ಅಮ್ಮತ್ತಿ, ಕುಶಾಲನಗರ ಎಲ್ಲಾ ಕಡೆ ಗೊತ್ತಾಗ್ತದೆ. ವ್ಯಾಪಾರ ಏಳ್ತದೆ."

ವನಜಮ್ಮ ಪಟ್ಟಿಯನ್ನು ಅವರ ಕೈಯಿಂದ ತೆಗೆದುಕೊಂಡು, ಒಳಮೈಯ ಫ್ಲಾನೆಲ್ಲಿನ ಮೇಲೆ ಹೆಬ್ಬೆರಳು ಸವರುತ್ತಾರೆ.

"ಹೆಸ್ರು ಹೊಲಿದ್ರೆ ಒಳಗೆ ದಾರದ ಗಂಟು ಬರ್ತದೆ ರೇವಣ್ಣೋರೆ," ಎನ್ನುತ್ತಾರೆ. "ಅವಕ್ಕೆ ಒತ್ತುತ್ತದೆ."