ಕೆಂಪು ಕೋಟು, ಮಾವನ ಕತ್ತಿ

ಇಂಗ್ಲಿಷ್ ಸಾಹೇಬನ ಪಾತ್ರ ಮಾಡಲು ಆ ಊರಿನವರು ಯಾರೂ ಒಪ್ಪುವುದಿಲ್ಲ. ಹಿಂದೆ ಬ್ರಿಟಿಷರು ಕತ್ತಿ, ಕೋವಿ, ಎಲ್ಲ ಹತಾರ ಒಪ್ಪಿಸಿ ಎಂದಾಗ ಒಪ್ಪಿಸದೆ ಕಾದಾಡಿದ, ಅದಕ್ಕಾಗಿಯೇ ಸುಟ್ಟುಹೋದ ಊರು, ಮುಧೋಳ ತಾಲೂಕಿನದು. ಆ ಕಾಳಗವನ್ನು ವರ್ಷಕ್ಕೊಮ್ಮೆ ಊರಬಾಗಿಲಾದ ಅಗಸಿಯ ಮುಂದಿನ ಬಯಲಿನಲ್ಲಿ ಆಡಿ ತೋರಿಸುತ್ತಾರೆ. ಮುತ್ತಜ್ಜಂದಿರನ್ನು ಕೊಂದವನ ವೇಷ ಹಾಕಲು ಯಾರಿಗೆ ತಾನೇ ಮನಸ್ಸು ಬಂದೀತು? ಹೀಗಾಗಿ ಸಾಹೇಬನನ್ನೂ ಅವನ ಸಿಪಾಯಿಗಳನ್ನೂ ಹೊರಗಿನಿಂದ ಕರೆಸುತ್ತಾರೆ. ಹೋದ ವರ್ಷ ಬನಹಟ್ಟಿಯ ನಮ್ಮ ನೇಕಾರ ಓಣಿಗೆ ಆ ಪಾಳಿ ಬಂತು. ಸಾಹೇಬನಾಗಿ ನಾನು ಹೋದೆ.

ನನ್ನನ್ನು ಆರಿಸಿದ್ದು ಗಂಟಲು ನೋಡಿ. ಪವರ್‌ಲೂಮಿನ ಗದ್ದಲದಲ್ಲಿ ಬೆಳೆದವನಿಗೆ ಮೆಲ್ಲಗೆ ಮಾತಾಡುವುದು ಎಲ್ಲಿಂದ ಬರಬೇಕು? ಆದರೆ ನಾನು ಒಪ್ಪಿದ ಕಾರಣವೇ ಬೇರೆ. ಅದು ನನ್ನ ಹೆಂಡತಿಯ ತವರು. ಬನಹಟ್ಟಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದ ಅವಳು ನಮ್ಮ ಮಗ್ಗದ ಶೆಡ್ಡಿಗೆ ನೂಲಿನ ಕಂಡಿಕೆ ಸುತ್ತಲು ಬರುತ್ತಿದ್ದಳು. ಮೆಚ್ಚಿ ಮದುವೆಯಾದೆವು. ಜಾತಿ ಬೇರೆ. ಅವಳ ಅಪ್ಪ ಮದುವೆಗೂ ಬರಲಿಲ್ಲ, ಆಮೇಲೆ ನನ್ನೊಂದಿಗೆ ಒಂದು ಮಾತೂ ಆಡಲಿಲ್ಲ. ನಾನು ಅವರ ಅಂಗಳಕ್ಕೆ ಕಾಲಿಟ್ಟರೆ ಸಾಕು, ಎದ್ದು ಹೊಲದ ದಾರಿ ಹಿಡಿಯುತ್ತಿದ್ದರು. ‘ಅಳಿಯ ಅಲ್ಲ, ಮಗಳ ಗಂಡ’ ಎಂದು ಜನ ನಗೆಗೆ ಆಡುವ ಮಾತು ನನ್ನ ಪಾಲಿಗೆ ನಗೆಯಾಗಿರಲಿಲ್ಲ. ಹೆಂಡತಿ ತವರಿನಿಂದ ಬಂದ ದಿನ ಉಣ್ಣದೆ ಒಲೆಯ ಮುಂದೆ ಕೂತುಬಿಡುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಆಟದಲ್ಲಿ ಹತಾರ ಕೊಡದೆ ಎದುರು ನಿಲ್ಲುವ ಹಿರಿಯನ ಪಾತ್ರ ಇದೇ ಮಾವನದು. ಸಾಹೇಬ ಕೇಳಲೇಬೇಕು, ಹಿರಿಯ ಉತ್ತರ ಕೊಡಲೇಬೇಕು. ಸುಳ್ಳಿಗಾದರೂ ಸರಿ, ಒಮ್ಮೆ ನನ್ನ ಮುಖ ನೋಡಿ ಮಾತಾಡಲಿ ಎಂಬುದು ನನ್ನ ಹಟ. ತಾಲೀಮು ಅವರವರ ಊರಲ್ಲೇ ನಡೆದಿತ್ತು. ಸಾಹೇಬ ಯಾರೆಂದು ಮಾವನಿಗೆ ಗೊತ್ತಿರಲಿಲ್ಲ; ಆಟ ನೋಡಲು ಮೊದಲೇ ತವರಿಗೆ ಹೋದ ಹೆಂಡತಿಯೂ ಹೇಳಿರಲಿಲ್ಲ.

ಆ ದಿನ ಮೈಮೇಲೆ ಇರುವೆ ಬಿಟ್ಟಂತಾಗಿತ್ತು. ಜಮಖಂಡಿ ದಾಟಿದ ಮೇಲೆ ಕಬ್ಬಿನ ಟ್ರಾಕ್ಟರುಗಳ ಹಿಂದೆ ನಮ್ಮ ಟೆಂಪೊ ತೆವಳುತ್ತಿದ್ದರೆ, ಇಳಿದು ನಡೆದೇ ಹೋಗೋಣ ಅನ್ನಿಸಿತು. ‘ಸಾಹೇಬ್ರ, ಸುಮ್ಮ ಕುಂದರ್ರಿ, ಕೋಟ್ ಹರೀತೈತಿ’ ಎಂದು ಸಿಪಾಯಿಗಳು ಕಾಡಿಸಿದರು. ನಗುವ ಮನಸ್ಸಿರಲಿಲ್ಲ.

ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದುಕೊಂಡು ಬಯಲಿನಲ್ಲಿ ಇಳಿದಾಗ ಆಗಲೇ ಒಂದು ಜಗಳ ನಡೆದಿತ್ತು. ಬೆಳ್ಳಿ ಕಾಗದ ಸುತ್ತಿದ ಕಟ್ಟಿಗೆಯ ಕತ್ತಿಯನ್ನು ಮಾವ ಹಿಡಿಯಲು ಒಲ್ಲೆ ಎಂದಿದ್ದರು. ಆಟ ಕಲಿಸಿದ ನಿವೃತ್ತ ಮಾಸ್ತರರು ಮೈಕು ಹಿಡಿದುಕೊಂಡೇ ಮನವೊಲಿಸುತ್ತಿದ್ದರು.

‘ಕಾಕಾ, ಆಟಕ್ಕ ಇದ ಛಲೋರಿ.’

‘ನಮ್ಮ ಹಿರ್ಯಾರು ಕಟಗಿ ಹಿಡದು ಸತ್ತಾರೇನು?’ ಎಂದು ಮಾವ ಮನೆಗೆ ಹೋಗಿ ಮಹಾನವಮಿಗೆ ಪೂಜೆ ಮಾಡುವ ಕತ್ತಿಯನ್ನೇ ತಂದರು. ಧಾರೆಯೇನೋ ಹೋಗಿತ್ತು, ಭಾರ ಹೋಗಿರಲಿಲ್ಲ. ಮಾವ ಅದರಿಂದ ನನ್ನ ಟೊಪ್ಪಿಗೆ ಹಾರಿಸಬೇಕು, ನಾನು ಬೀಳಬೇಕು, ಬಿದ್ದಲ್ಲಿಂದಲೇ ‘ಗುಂಡು ಹಾರಿಸಿ’ ಎನ್ನಬೇಕು, ಸಿಪಾಯಿಗಳು ಪಟಾಕಿ ಹಚ್ಚಿ ಹುಲ್ಲಿನ ಗುಡಿಸಲುಗಳಿಗೆ ಬೆಂಕಿ ಇಡಬೇಕು. ಆಟ ಹಾಗಿತ್ತು.

ನನ್ನ ಸರದಿ ಬಂತು. ‘ಹತಾರ ಕೆಳಗಿಡು!’ ಎಂದು ಗುಡುಗಿದೆ.

‘ನಮ್ಮ ಹತಾರ ಕೊಡಂಗಿಲ್ಲ!’ ಎಂದರು ಮಾವ, ಜನರ ಕಡೆ ನೋಡಿ. ಸಿಳ್ಳು, ಚಪ್ಪಾಳೆ. ನನ್ನ ಕಡೆ ಒಂದು ನೋಟವೂ ಇಲ್ಲ. ಇಷ್ಟು ದೂರ ಬಂದದ್ದು ಇದಕ್ಕೇನು? ತಡೆಯಲಾಗಲಿಲ್ಲ. ಆಟದಲ್ಲಿಲ್ಲದ ಮಾತು ಬಾಯಿಗೆ ಬಂದುಬಿಟ್ಟಿತು.

‘ನನ್ನ ಮಾರಿ ನೋಡಿ ಹೇಳು!’

ಅವರು ಕತ್ತಿ ಎತ್ತುತ್ತಲೇ ತಿರುಗಿದರು. ಗುರುತು ಹತ್ತಿತು. ಕತ್ತಿ ಮೇಲೆಯೇ ನಿಂತಿತು. ನಿಜ ಹೇಳುತ್ತೇನೆ, ನನಗೆ ಭಯವಾಯಿತು. ಇಷ್ಟು ವರ್ಷದ ಸಿಟ್ಟು ಟೊಪ್ಪಿಗೆಗೆ ಮಾತ್ರ ತಗುಲೀತು ಎಂದು ಯಾವ ಧೈರ್ಯದ ಮೇಲೆ ನಂಬಲಿ?

‘ಹೊಡೀರಿ ಕಾಕಾ!’ ಎಂದರು ಮಾಸ್ತರರು.

ಮಾವ ಕತ್ತಿಯನ್ನು ನಿಧಾನ ಇಳಿಸಿ ಹಣೆಗೆ ಮುಟ್ಟಿಸಿಕೊಂಡು ಒರೆಗೆ ಸೇರಿಸಿದರು. ‘ಆಗಂಗಿಲ್ಲ.’

‘ಯಾಕರೀ? ಅಂವ ಇಂಗ್ಲಿಷ್ ಸಾಹೇಬ!’

‘ಯಾ ಸಾಹೇಬ? ಇಂವ ನಮ್ಮ ಮನಿ ಅಳಿಯ. ಅಳಿಯನ ಮ್ಯಾಲ ಈ ಕತ್ತಿ ಎತ್ತಿದ್ದ ತಪ್ಪಾತು. ಹೊಡಿ ಅಂತೀರಲ್ಲ, ನಿಮಗ ತಿಳೀತೈತೇನು?’

ಮಾಸ್ತರರ ಕೈಯಲ್ಲಿದ್ದ ಮೈಕು ಆ ಮಾತನ್ನು ಇಡೀ ಬಯಲಿಗೆ ಕೇಳಿಸಿತು. ಹೆಂಗಸರ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ಎದ್ದು ನಿಂತಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಜನ ಮೊದಲು ನಕ್ಕರು, ಆಮೇಲೆ ಅವಳ ಕಡೆ ತಿರುಗಿ ನೋಡಿದರು. ಸಿಪಾಯಿಗಳು ಕಡ್ಡಿಪೆಟ್ಟಿಗೆ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದರು. ‘ಗುಂಡು ಹಾರಿಸಿ’ ಎನ್ನಬೇಕಾಗಿತ್ತು. ನಾನು ಅನ್ನಲಿಲ್ಲ.

ಮಾವ ಹತ್ತಿರ ಬಂದು ನನ್ನ ಟೊಪ್ಪಿಗೆಯನ್ನು ತಾವೇ ತೆಗೆದು ಕೈಗೆ ಕೊಟ್ಟರು. ‘ಬಿಸಲಾಗ ಭಾಳ ಹೊತ್ತು ನಿಂತೀರಿ. ಮನಿಗೆ ನಡೀರಿ, ನಿಮ್ಮ ಅತ್ತಿಯವರಿಗೆ ರೊಟ್ಟಿ ಬಡಿಯಾಕ ಹೇಳತೇನಿ.’

ಕೆಂಪು ಕೋಟಿನಲ್ಲೇ ಅವರ ಹಿಂದೆ ಹೊರಟೆ. ಅಗಸಿಯ ಒಳಗೆ ಕಾಲಿಡುತ್ತಲೇ ಅತ್ತುಬಿಟ್ಟೆ. ಹಿಂದೆ ಬಯಲಿನಲ್ಲಿ ಮಾಸ್ತರರು ಸಾಹೇಬನನ್ನು ಮೈಕಿನಲ್ಲಿ ಕರೆಯುತ್ತಲೇ ಇದ್ದರು.